ಹಲ್ಲು ನನ್ನದು

"ಕೈ ತೆಗೀರಿ!"

ಕನ್ನಡಕದ ಅಂಗಡಿಯಲ್ಲಿ ಆ ಹೊತ್ತಿಗೆ ಏಳೆಂಟು ಗಿರಾಕಿಗಳಿದ್ದರು. ಎಲ್ಲರೂ ತಿರುಗಿ ನೋಡಿದರು.

ಅವಳ ಬಲಗೈ ಎಂದಿನಂತೆ ಬಾಯಿಗೆ ಅಡ್ಡವಾಗಿತ್ತು. ಎಡಗೈಯಲ್ಲಿ ಒಂದು ಫ್ರೇಮು. ಎದುರಿಗೆ, ಲೆನ್ಸ್ ಕತ್ತರಿಸುವ ಒಳಕೋಣೆಯ ಬಾಗಿಲಲ್ಲಿ, ಅಂದೇ ಕೆಲಸಕ್ಕೆ ಸೇರಿದ್ದ ಎತ್ತರದ ಯುವಕ ನಿಂತಿದ್ದ. ಅವನ ನೋಟ ನೆಟ್ಟಿದ್ದು ಅವಳ ಕಣ್ಣಿನ ಮೇಲಲ್ಲ... ಬಾಯಿಯ ಮೇಲೆ!

"ಏನಂದ್ರಿ?" ಅವಳ ಕಿವಿ ಕೆಂಪಾಯಿತು.

"ಕೈ ತೆಗೆದು ಮಾತಾಡಿ ಅಂದೆ. ಹೀಗೆ ಬಾಯಿ ಮುಚ್ಕೊಂಡ್ರೆ ನಂಗೇನು ಗೊತ್ತಾಗ್ಬೇಕು?"

ಎಷ್ಟು ಪೊಗರು! ಮೊದಲನೇ ದಿನವೇ!

ಅವಳು ಕೈ ಕೆಳಗಿಳಿಸಿದಳು. ಹಲ್ಲು ಪೂರ್ತಿ ಕಾಣುವ ಹಾಗೆ, ಒಂದೊಂದೇ ಮಾತನ್ನು ಕಲ್ಲಿನಂತೆ ಎಸೆದಳು. "ಬಲಗಣ್ಣು ಮೈನಸ್ ಮೂರು! ಎಡಗಣ್ಣು ಮೈನಸ್ ಎರಡೂವರೆ! ಸಂಜೆಯೊಳಗೆ ಬೇಕು! ಈಗ ಗೊತ್ತಾಯ್ತಾ?"

"ಈಗ ಚೆನ್ನಾಗಿ ಗೊತ್ತಾಯ್ತು. ಥ್ಯಾಂಕ್ಸ್ ರೀ," ಎಂದು ಫ್ರೇಮು ಇಸಿದುಕೊಂಡು ಅವನು ಒಳಗೆ ಹೋದ.

ಅವಳ ಕಣ್ಣು ತುಂಬಿಬಂತು. ಮನಸ್ಸಿನಲ್ಲೇ ಅವನಿಗೊಂದು ಹೆಸರಿಟ್ಟಳು... ದುರುಗುಟ್ಟಪ್ಪ!

ಅವಳ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಕಲೆಗಳಿದ್ದವು. ಚಿಕ್ಕಂದಿನಲ್ಲಿ ಅವರ ಬೀದಿಗೆಲ್ಲ ಒಂದೇ ಬೋರ್‌ವೆಲ್. ಆ ನೀರು ಕುಡಿದು ಬೆಳೆದ ಮಕ್ಕಳೆಲ್ಲರ ಹಲ್ಲೂ ಹಾಗೇ. ಆದರೆ ಪೇಟೆಯ ಶಾಲೆಗೆ ಸೇರಿದಾಗ ಅವಳ ತರಗತಿಯಲ್ಲಿ ಆ ಬೀದಿಯವಳು ಅವಳೊಬ್ಬಳೇ. "ಏ ಸುಟ್ಟ ಜೋಳ" ಎಂದು ಕರೆಯುತ್ತಿದ್ದರು. ಅಂದು ಬಾಯಿಗೆ ಅಡ್ಡ ಬಂದ ಕೈ ಅವಳಿಗೆ ವಯಸ್ಸು ಇಪ್ಪತ್ತೊಂಬತ್ತಾದರೂ ಇಳಿದಿರಲಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಕ್ಯಾಷ್ ಕೌಂಟರಿನ ಆಂಟಿ ಹತ್ತಿರ ಬಂದು ಕೂತರು.

"ಅಲ್ವೇ, ಆ ಹುಡುಗನ ಮೇಲೆ ಯಾಕೆ ಅಷ್ಟು ಹಾರಾಡ್ದೆ?"

"ಮತ್ತೇನ್ ಆಂಟಿ! ಎಲ್ಲರೆದುರಿಗೂ ನನ್ ಹಲ್ಲು ನೋಡ್ತಾನೆ!"

"ಹಲ್ಲಲ್ಲ ಕಣೇ, ತುಟಿ. ಅವನಿಗೆ ಒಂದು ಕಿವಿ ಪೂರ್ತಿ ಕೇಳಲ್ಲ, ಇನ್ನೊಂದು ಅರ್ಧಂಬರ್ಧ. ತುಟಿ ನೋಡ್ಕೊಂಡೇ ಮಾತು ಅರ್ಥ ಮಾಡ್ಕೋತಾನೆ. ಮ್ಯಾನೇಜರ್ ನಿಂಗೆ ಹೇಳ್ಲಿಲ್ವಾ?"

ಅವಳು ಡಬ್ಬಿ ಮುಚ್ಚಿಟ್ಟಳು. ಅಯ್ಯೋ... ನಾನೇನು ಮಾಡಿಬಿಟ್ಟೆ!

ಕ್ಷಮೆ ಕೇಳಲು ಒಳಕೋಣೆಗೆ ಹೋದಳು. ಕೇಳುವ ಬದಲು ಬೆಳಕಿರುವ ಕಡೆ ನಿಂತು, ಕೈ ಇಳಿಸಿ, ಮುಂದಿನ ಆರ್ಡರ್ ಹೇಳಿದಳು. ಈ ಸಲ ಮೆತ್ತಗೆ.

ಅವನು ನಕ್ಕ. ಅಷ್ಟೇ. ಅಷ್ಟಕ್ಕೇ ಅವಳ ಎದೆಯಲ್ಲಿ ಏನೋ ಜಾರಿದಂತಾಯಿತು!

ಅಂದಿನಿಂದ ದಿನಕ್ಕೆ ಹತ್ತಾರು ಸಲ ಆ ಬಾಗಿಲಲ್ಲಿ ನಿಲ್ಲಬೇಕಾಯಿತು. ಮೊದಮೊದಲು ಆರ್ಡರ್ ಮಾತ್ರ. ಆಮೇಲೆ ಗಿರಾಕಿಗಳ ಸುದ್ದಿ. ತಲೆಯ ಮೇಲೆ ಕನ್ನಡಕ ಇಟ್ಟುಕೊಂಡೇ "ಕಳೆದುಹೋಯ್ತು" ಎಂದು ಗೋಳಾಡಿದ ನಿವೃತ್ತ ಹೆಡ್‌ಮಾಸ್ಟರ ಕಥೆ ಹೇಳಿದ ದಿನ ಅವನು ಯಂತ್ರ ನಿಲ್ಲಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು... ಬಾಯಿ ತೆರೆದು, ತಲೆ ಹಿಂದಕ್ಕೆ ಎಸೆದು.

ಆ ಕೋಣೆಯಿಂದ ಹೊರಗೆ ಕಾಲಿಟ್ಟರೆ ಸಾಕು, ಕೈ ಮತ್ತೆ ಮೇಲೇರುತ್ತಿತ್ತು.

ಐದು ತಿಂಗಳು ಹೀಗೇ ಕಳೆಯಿತು. ಒಂದು ಬೆಳಿಗ್ಗೆ ಮ್ಯಾನೇಜರ್ ಕೌಂಟರಿನ ನಾಲ್ವರನ್ನೂ ಕರೆದರು.

"ಹೊಸ ಬ್ರಾಂಚ್ ತೆಗೀತಿದೀವಿ. ದೊಡ್ಡ ಪೋಸ್ಟರ್, ಅದರಲ್ಲಿ ನಿಮ್ಮದೇ ಫೋಟೋ! ಎಲ್ಲರೂ ಹಲ್ಲು ಬಿಳಿ ಮಾಡಿಸ್ಕೊಳ್ಳಿ. ಖರ್ಚು ಕಂಪನಿಯದು. ಹದಿನೈದು ದಿನ ಟೈಮ್."

ಮೂವರು ಹುಡುಗಿಯರು ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಅವಳ ಕಡೆ ತಿರುಗಿ ದನಿ ತಗ್ಗಿಸಿದರು. "ನಿಮಗೋಸ್ಕರಾನೇ ಇದೆಲ್ಲ ಅಂದ್ಕೊಳ್ಳಿ. ಇಲ್ಲಾಂದ್ರೆ ಕೌಂಟರ್‌ನಲ್ಲಿ ಕಷ್ಟ ಆಗುತ್ತೆ. ಸ್ಟಾಕ್ ರೂಮ್‌ಗೆ ಹಾಕ್ಬೇಕಾಗುತ್ತೆ."

ಹನ್ನೊಂದು ವರ್ಷ! ಅಳುವ ಮಕ್ಕಳಿಗೆ ಮೊದಲ ಕನ್ನಡಕ ತೊಡಿಸಿದವಳು, ಅಜ್ಜಿಯರ ಮೂಗಿನ ಗಾಯಕ್ಕೆ ಹತ್ತಿ ಸುತ್ತಿ ಫ್ರೇಮ್ ಕೂರಿಸಿದವಳು... ಅವಳಿಗೆ ಸ್ಟಾಕ್ ರೂಮ್!

ಮನೆಗೆ ಬಂದು ಹೇಳಿದಾಗ ಅಮ್ಮ ಒಲೆಯ ಮುಂದಿನಿಂದ ಎದ್ದೇ ಬಂದರು.

"ಮಾಡಿಸ್ಕೋ ಮಗಾ. ಆ ನೀರು ಕುಡಿಸಿದವಳು ನಾನು. ನಿನ್ನ ನೋಡಿ ಹೋದವರು ಬೇಡ ಅಂದಾಗೆಲ್ಲ ನಂಗೆ ಹೊಟ್ಟೇಲಿ ಬೆಂಕಿ..."

"ಅಮ್ಮಾ, ನೀವು ಬೇಕೂಂತ ಕುಡಿಸಿದ್ರಾ? ಮತ್ತೆ ಆ ಮಾತು ಎತ್ಬೇಡಿ."

ಅಕ್ಕ ಬಂದಿದ್ದಳು. ಮದುವೆಗೆ ಮುಂಚೆ ಅವಳು ಹಲ್ಲು ಬಿಳಿ ಮಾಡಿಸಿಕೊಂಡಿದ್ದಳು. ಮಗುವಿನ ಬಟ್ಟೆ ಮಡಚುತ್ತಾ ಎಲ್ಲ ಕೇಳಿಸಿಕೊಂಡಳು.

"ನೀನು ಮಾಡಿಸ್ಕೊಂಡಾಗ ಏನನ್ನಿಸ್ತು ಅಕ್ಕಾ?"

"ಖುಷಿ ಆಯ್ತು. ಈಗ್ಲೂ ಕನ್ನಡಿ ನೋಡ್ಕೊಂಡ್ರೆ ಖುಷಿನೇ. ನಂಗೆ ಬೇಕಿತ್ತು, ಮಾಡಿಸ್ಕೊಂಡೆ. ನಿಂಗೆ ಬೇಕಾ?"

"ಮ್ಯಾನೇಜರ್ ಹೇಳ್ತಾರೆ..."

"ಮ್ಯಾನೇಜರ್‌ನ ಕೇಳ್ಲಿಲ್ಲ ನಾನು. ನಿಂಗೆ ಬೇಕೇನೇ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ!

ಮರುದಿನ ಅರ್ಧ ದಿನ ರಜೆ ಹಾಕಿ ದಂತವೈದ್ಯೆಯ ಬಳಿ ಹೋದಳು. ಡಾಕ್ಟರು ಸಣ್ಣ ಕನ್ನಡಿ ಹಿಡಿದು ಒಂದೊಂದೇ ಹಲ್ಲು ನೋಡಿದರು.

"ಇದು ಕೊಳೆ ಅಲ್ಲ, ಹುಳುಕೂ ಅಲ್ಲ. ಹಲ್ಲು ಮೂಡುವಾಗಲೇ ನೀರಿಂದ ಸೇರಿಕೊಂಡ ಬಣ್ಣ. ಬಿಳಿ ಮಾಡಿದ್ರೆ ಕಂದು ತೆಳುವಾಗುತ್ತೆ, ಪೂರ್ತಿ ಹೋಗುತ್ತೆ ಅಂತ ಮಾತು ಕೊಡೋಕಾಗಲ್ಲ. ಸ್ವಲ್ಪ ದಿನ ಜುಮ್ ಅನ್ನುತ್ತೆ. ಮಾಡ್ಸಿದ್ರೂ ಸರಿ, ಬಿಟ್ರೂ ಸರಿ. ನಿಮ್ಮಿಷ್ಟ."

"ಬಿಟ್ರೆ ತೊಂದ್ರೆ ಏನಾದ್ರೂ..."

"ಏನೂ ಇಲ್ಲ. ಗಟ್ಟಿಯಾಗಿವೆ. ಕಬ್ಬು ಸಿಗೀರಿ!"

ನಗುತ್ತಲೇ ಅಂಗಡಿಗೆ ಬಂದಳು. ಮೊದಲು ಅವನಿಗೆ ಹೇಳಬೇಕು... ಎಂದು ಒಳಕೋಣೆಯತ್ತ ನಡೆದವಳನ್ನು ಕ್ಯಾಷ್ ಆಂಟಿ ತಡೆದರು.

"ನಿನ್ ಚಿಂತೆ ಹೋಯ್ತು ಬಿಡೇ! ಆ ಹುಡುಗ ಮ್ಯಾನೇಜರ್ ಹತ್ರ ಹೋಗಿ ಮಾತಾಡಿದಾನೆ. ನಿನ್ನ ಒಳಗಡೆ ಲೆನ್ಸ್ ಕೆಲಸಕ್ಕೆ ಹಾಕಿ, ಹೊರಗೆ ನಿಲ್ಲಿಸ್ಬೇಡಿ ಅಂದನಂತೆ."

ಅವನೂ! ಅವನೂ ನನ್ನನ್ನು ಬಚ್ಚಿಡಲು ಹೊರಟನೇ?

ಕೋಣೆಗೆ ನುಗ್ಗಿದಳು. ಯಂತ್ರದ ಸ್ವಿಚ್ಚನ್ನು ತಾನೇ ಆರಿಸಿದಳು.

"ನನ್ನ ಒಳಗೆ ಹಾಕಿ ಅಂತ ಹೇಳಿದ್ರಾ?"

ಅವನ ಮುಖ ಅರಳಿತು. "ಹೌದು. ಒಪ್ಕೊಂಡ್ರಾ ಮ್ಯಾನೇಜರ್? ಇಲ್ಲಿದ್ರೆ ಯಾರೂ ನಿಮ್ಮನ್ನ ನೋಡಲ್ಲ. ನೆಮ್ಮದಿಯಾಗಿ..."

"ಯಾರೂ ನೋಡಬಾರದು ಅಂತ ನಾನು ಯಾವಾಗ ಹೇಳ್ದೆ?"

"ನಾನೂ ಮೊದಲು ಕೌಂಟರ್‌ನಲ್ಲೇ ಇದ್ದೆ ರೀ, ಬೇರೆ ಅಂಗಡೀಲಿ. ಕಿವುಡ ಅಂತ ಗಿರಾಕಿಗಳು ರೇಗೋರು. ಒಳಗೆ ಬಂದ್ಮೇಲೆ ಜೀವ ತಣ್ಣಗಾಯ್ತು. ಅದಕ್ಕೇ..."

"ನಿಮಗೆ ತಣ್ಣಗಾಯ್ತು. ನನಗೆ ಉಸಿರು ಕಟ್ಟುತ್ತೆ! ಒಬ್ಬರು ಬಿಳಿ ಮಾಡಿಸ್ಕೋ ಅಂತಾರೆ, ಒಬ್ಬರು ಒಳಗೆ ಕೂತ್ಕೋ ಅಂತಾರೆ. ನಿಮಗೇನು ಬೇಕು ಅಂತ ನೀವಾದ್ರೂ ಒಂದ್ ಮಾತು ಕೇಳಿದ್ರಾ?"

ಅವನು ತಲೆ ತಗ್ಗಿಸಿದ. ತಲೆ ತಗ್ಗಿಸಿದರೆ ಅವನಿಗೆ ಮಾತು ತಲುಪುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮುಂದೆ ಏನೂ ಹೇಳದೆ ಹೊರಬಂದಳು.

ಅಂದಿನಿಂದ ಮಾತು ಬಂದ್. ಆರ್ಡರ್‌ಗಳನ್ನು ಚೀಟಿಯಲ್ಲಿ ಬರೆದು ಕಿಂಡಿಯಲ್ಲಿ ತುರುಕುತ್ತಿದ್ದಳು. ಕೆಲಸವೇನೋ ನಡೆಯುತ್ತಿತ್ತು. ಆದರೆ ಯಾವ ಗಿರಾಕಿ ತಮಾಷೆ ಮಾಡಿದರೂ ಕಾಲು ತಾನಾಗಿ ಆ ಬಾಗಿಲ ಕಡೆ ತಿರುಗುತ್ತಿತ್ತು. ಹೇಳಬೇಕು... ಬೇಡ! ಅವನಿಗೆ ಚೀಟಿ ಸಾಕು!

ರಾಶಿ ಸಿಟ್ಟಿನ ಅಡಿಯಲ್ಲಿ ಎಷ್ಟು ಪ್ರೀತಿಯಿತ್ತೆಂದು ಅವಳಿಗೆ ತಿಳಿದಿದ್ದು ಆ ಹದಿಮೂರು ದಿನಗಳಲ್ಲಿ.

ಫೋಟೋದ ದಿನ ಬಂತು. ಮೂವರು ಹುಡುಗಿಯರು ಬೆಳ್ಳಗೆ ನಗುತ್ತಾ ಸಾಲಾಗಿ ನಿಂತರು. ಅವಳೂ ಹೋಗಿ ನಿಂತಳು. ಕೈ ಎರಡೂ ಕೆಳಗೆ.

ಮ್ಯಾನೇಜರ್ ಹುಬ್ಬು ಗಂಟಿಕ್ಕಿದರು. "ನೀವು ಮಾಡಿಸ್ಕೊಂಡಿಲ್ಲ."

"ಇಲ್ಲ ಸರ್."

"ಯಾಕೆ?"

"ನಂಗೆ ಬೇಕು ಅನ್ನಿಸ್ಲಿಲ್ಲ."

ಇಷ್ಟು ಸುಲಭದ ಮಾತು! ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

"ಹಾಗಿದ್ರೆ ಸೋಮವಾರದಿಂದ ಸ್ಟಾಕ್ ರೂಮ್."

"ಆಗ್ಲಿ ಸರ್. ಬರೆದು ಕೊಡಿ."

"ಏನು?"

"ಹಲ್ಲಿನ ಬಣ್ಣ ಸರಿಯಿಲ್ಲ, ಅದಕ್ಕೆ ಕೌಂಟರಿಂದ ತೆಗೆದಿದೀವಿ ಅಂತ ಕಂಪನಿ ಕಾಗದದ ಮೇಲೆ ಬರೆದು, ಸೈನ್ ಹಾಕಿ ಕೊಡಿ. ಹನ್ನೊಂದು ವರ್ಷದಲ್ಲಿ ನನ್ನ ಕೆಲಸದ ಮೇಲೆ ಒಂದು ದೂರು ಬಂದಿದ್ರೆ ಅದನ್ನೂ ಬರೀರಿ."

ಕನ್ನಡಕ ರಿಪೇರಿಗೆ ಬಂದಿದ್ದ ಹೆಡ್‌ಮಾಸ್ಟರು ಕಣ್ಣು ಕಿರಿದು ಮಾಡಿ ಮ್ಯಾನೇಜರನ್ನೇ ನೋಡತೊಡಗಿದರು.

"ನಿಮ್ಮ ಒಳ್ಳೇದಕ್ಕೇ ಹೇಳಿದ್ದು ನಾನು," ಮ್ಯಾನೇಜರ್ ತಡವರಿಸಿದರು. "ಆ ಲೆನ್ಸ್ ಹುಡುಗನೇ ಹೇಳಿದಾನೆ, ನೀವು ಒಳಗಿರೋದೇ ಸರಿ ಅಂತ..."

"ಆ ಮಾತು ತಪ್ಪು ಸರ್!"

ದನಿ ಅಂಗಡಿಯ ಆಚೆಗೂ ಕೇಳಿಸುವಷ್ಟು ಜೋರಾಗಿತ್ತು. ತನ್ನ ದನಿ ಎಷ್ಟು ಎತ್ತರವೆಂದು ಅವನಿಗೆ ತಿಳಿಯುವುದಿಲ್ಲ. ಆ ನಾಚಿಕೆಗೇ ಮೊದಲ ದಿನದ ನಂತರ ಅವನು ಗಿರಾಕಿಗಳೆದುರು ಬಾಯಿ ಬಿಟ್ಟಿರಲಿಲ್ಲ. ಈಗ ಮ್ಯಾನೇಜರ್ ತುಟಿಯ ಮೇಲೇ ಕಣ್ಣಿಟ್ಟು ಅಂಗಡಿಯ ನಡುಮಧ್ಯೆ ನಿಂತಿದ್ದ, ಕೈಯೆಲ್ಲ ಲೆನ್ಸಿನ ಪುಡಿ.

"ಅವರನ್ನ ಒಂದ್ ಮಾತು ಕೇಳ್ದೆ ಹೇಳ್ದೆ. ನಂಗೆ ಆ ಹಕ್ಕಿರ್ಲಿಲ್ಲ. ವಾಪಸ್ ತಗೋತೀನಿ."

ಮ್ಯಾನೇಜರ್ ಇವರಿಬ್ಬರನ್ನೂ ನೋಡಿದರು, ಹೆಡ್‌ಮಾಸ್ಟರನ್ನು ನೋಡಿದರು. ಕಾಗದ ಬರಲಿಲ್ಲ. "ಆಯ್ತು, ಆಯ್ತು... ಕೌಂಟರ್‌ನಲ್ಲೇ ಇರಿ," ಎಂದು ಗೊಣಗಿ ಒಳಗೆ ಹೋದರು.

ಪೋಸ್ಟರ್ ಬಂದಾಗ ಅದರಲ್ಲಿ ಮೂವರೇ ಇದ್ದರು. ಫೋಟೋದಲ್ಲಿ ಅವಳು ನಿಂತಿದ್ದ ತುಂಡನ್ನು ಕತ್ತರಿಸಿದ್ದರು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಪೋಸ್ಟರಿನ ಕೆಳಗೇ ಕೂತು, ಕೈ ಅಡ್ಡ ಹಿಡಿಯದೆ, ಅಂದು ಹದಿನಾರು ಜನರಿಗೆ ಕನ್ನಡಕ ತೊಡಿಸಿದಳು.

ಸಂಜೆ ಹೊರಡುವಾಗ ಅವನು ಅಂಗಡಿಯ ಮೆಟ್ಟಿಲ ಮೇಲೆ ಕಾದಿದ್ದ.

"ಚೀಟಿ ಸಾಕು ಇನ್ನು," ಎಂದ, ಮೆಲ್ಲಗೆ ಮಾತಾಡಲು ಹೆಣಗುತ್ತಾ. "ನಿಮ್ಮ ಅಕ್ಷರ ಕೋಳಿ ಕೆದರಿದ ಹಾಗಿದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು ಅವನ ಕಡೆ ತಿರುಗಿದಳು.

"ಒಂದು ಕೇಳ್ಲಾ? ಮುಂದೆ ಯಾವತ್ತಾದ್ರೂ ನಂಗೇ ಅನ್ನಿಸಿ ಬಿಳಿ ಮಾಡಿಸ್ಕೊಂಡ್ರೆ... ಬೇಡ ಅಂತೀರಾ?"

"ಹಲ್ಲು ಯಾರದು?"

"ನನ್ನದು."

"ಮತ್ತೆ ನನ್ನನ್ಯಾಕೆ ಕೇಳ್ತೀರಾ? ಡಾಕ್ಟರ್ ರೂಮ್ ಹೊರಗೆ ಕೂತಿರ್ತೀನಿ. ಬ್ಯಾಗ್ ಹಿಡ್ಕೊಂಡು."

ಎದುರಿನ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಸಾಗಿತು. ಅದೇ ಸದ್ದಿನಲ್ಲಿ, ತನಗೂ ಕೇಳಿಸದಷ್ಟು ಸಣ್ಣಗೆ ಅವಳು ಅಂದಳು, "ನೀವಂದ್ರೆ ನಂಗೆ ತುಂಬಾ ಇಷ್ಟ."

ಅವನ ಕಣ್ಣು ತುಂಬಿತು. ಆದರೂ ಮುಖ ಗಂಭೀರ ಮಾಡಿಕೊಂಡ.

"ಕೇಳಿಸ್ಲಿಲ್ಲ."

"ಸುಳ್ಳು! ನನ್ನೇ ನೋಡ್ತಿದ್ರಿ!"

"ಕೇಳಿಸ್ಲಿಲ್ಲ ಅಂದೆ. ಕಾಣಿಸ್ಲಿಲ್ಲ ಅನ್ಲಿಲ್ಲ," ಎಂದ. "ನಂಗೂ ಅಷ್ಟೇ ಇಷ್ಟ. ಮೊದಲನೇ ದಿನ ಬೈದ್ರಲ್ಲ, ಆಗಿಂದ. ಆದ್ರೂ... ಇನ್ನೊಂದ್ಸಲ ಹೇಳಿ."

ಅವಳು ಹೇಳಿದಳು. ಈ ಸಲ, ಬೀದಿಯಲ್ಲಿ ಹೋಗುವವರು ನಿಂತು ನೋಡುವ ಹಾಗೆ!