ತಮ್ಮನ ಸಾಲ, ಅಕ್ಕನ ಮೆಷಿನ್

ಇನ್ಸ್‌ಪೆಕ್ಟರ್ ಮೇಡಂ ಬಂದದ್ದು ಸಡಿಲವಾದ ಯೂನಿಫಾರಂ ಬಿಗಿ ಮಾಡಿಸಲು. ನೋಡಿದರೆ ಹೊಲಿಗೆ ಮೆಷಿನ್ನೇ ಇಲ್ಲ! ಬರೀ ಮೇಜು. ಪಕ್ಕದಲ್ಲಿ ಟೈಲರ್ ಅಕ್ಕ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

“ಬೆಳಿಗ್ಗೆ ಬ್ಯಾಂಕಿನವ್ರು ತಗೊಂಡ್ಹೋದ್ರು ಮೇಡಂ. ನನ್ನ ತಮ್ಮ ಕ್ರೆಡಿಟ್ ಕಾರ್ಡ್ ಸಾಲ ಕಟ್ಟದೆ ವಿದೇಶಕ್ಕೆ ಹೋದ್ನಲ್ಲ, ಅದಕ್ಕಂತೆ. ನಾನು ಗುಂಡಿ ತರೋಕೆ ಹೋಗಿದ್ದೆ. ಮನೇಲಿ ಅತ್ತೆ ಒಬ್ರೇ ಇದ್ರು.”

“ಕಂಪ್ಲೇಂಟ್ ಕೊಟ್ರಾ?”

“ಸಾಲ ನಮ್ಮನೇದೇ ಅಲ್ವಾ? ಯಾವ ಮುಖ ಇಟ್ಕೊಂಡು ಕೊಡ್ಲಿ?”

ಆ ಮೆಷಿನ್ ಓಡಿದರೇ ಮನೆಯಲ್ಲಿ ಒಲೆ ಉರಿಯುವುದು. ಸೋಮವಾರ ಕೊಡಬೇಕಾದ ಶಾಲೆಯ ಅಂಗಿಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಕೊಡದಿದ್ದರೆ ಆರ್ಡರ್ ಬೇರೆಯವರ ಪಾಲು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!” ಎಂದು ಗೊಣಗಿ ಮೇಡಂ ಬ್ಯಾಂಕಿಗೆ ಫೋನ್ ಮಾಡಿದರು.

“ದೇಶ ಬಿಟ್ಟ ಮಾತ್ರಕ್ಕೆ ಸಾಲ ಹೋಗಲ್ಲ ಮೇಡಂ,” ಎಂದರು ಮ್ಯಾನೇಜರ್. “ಬಡ್ಡಿ ಬೆಳೀತಾನೇ ಇರತ್ತೆ. ಕೇಸೂ ಹಾಕಬಹುದು. ಆದ್ರೆ ಎಲ್ಲಾ ಸಾಲ ಮಾಡಿದವರ ಮೇಲೆ. ಅಕ್ಕ ಜಾಮೀನು ನಿಂತಿಲ್ಲ, ಅವರ ಸಾಮಾನು ನಾವ್ಯಾಕೆ ಮುಟ್ಟೋಣ? ನಮ್ಮವರು ಯಾರೂ ಅಲ್ಲಿಗೆ ಬಂದಿಲ್ಲ.”

ಅಂದರೆ ಇದು ಜಪ್ತಿಯಲ್ಲ, ಶುದ್ಧ ಕಳ್ಳತನ.

* * *

“ಬ್ಯಾಂಕಿನವನು ಅಂತ ಬಂದೋನು ಟೈ ಕಟ್ಟಿದ್ದ. ಮುಖಕ್ಕೆ ಮಾಸ್ಕು,” ಎಂದರು ಅತ್ತೆ. “ನನಗೆ ಕಣ್ಣು ಬೇರೆ ಮಂಜು ಕಣಮ್ಮ.”

“ತಮ್ಮನೇ ಯಾರನ್ನಾದ್ರೂ ಕಳಿಸಿದ್ನಾ?” ಎಂದ ಅಕ್ಕ ನಾಲಿಗೆ ಕಚ್ಚಿಕೊಂಡಳು.

ಮೇಡಂ ಮೇಜಿನ ಮೇಲೆ ಬಾಗಿದರು. ಪಿನ್ನುಗಳ ದಿಂಬಿನಲ್ಲಿ ಮೆಷಿನ್ನಿನ ಸೂಜಿ ಚುಚ್ಚಿಟ್ಟಿತ್ತು.

“ಇದನ್ನ ನೀವು ಬಿಚ್ಚಿಟ್ರಾ?”

“ಇಲ್ವಲ್ಲ! ಅರ್ಧ ಹೊಲಿದ ಅಂಗೀನ ಸೂಜಿ ಕೆಳಗೇ ಬಿಟ್ಟು ಹೋಗಿದ್ದೆ.”

ಆ ಅಂಗಿ ಈಗ ಕುರ್ಚಿಯ ಮೇಲೆ ನೀಟಾಗಿ ಮಡಚಿಟ್ಟಿತ್ತು.

“ಕಳ್ಳನಿಗೆ ಅವಸರ ಇರತ್ತೆ, ಹಾಗೇ ಎತ್ಕೊಂಡು ಓಡ್ತಾನೆ. ಸೂಜಿ ಮುರೀಬಾರದು ಅಂತ ಬಿಚ್ಚಿಟ್ಟು ಎತ್ತೋರು ಯಾರು?”

ಅಕ್ಕ ಬಾಗಿ ಸೂಜಿಯನ್ನು ನೋಡಿದಳು.

“ಮೆಷಿನ್ ರಿಪೇರಿ ಮಾಡೋ ಅಣ್ಣ. ಆದ್ರೆ ಅವರು ಅಂಥವರಲ್ಲ ಮೇಡಂ...”

“ಸಾಲದ ವಿಷಯ ಅವನಿಗೆ ಗೊತ್ತಾ?”

“ಹೋದ ವಾರ ಎಣ್ಣೆ ಹಾಕೋಕೆ ಬಂದಿದ್ರು. ಹೇಳ್ಕೊಂಡು ಅತ್ಬಿಟ್ಟೆ.”

* * *

ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೆಷಿನ್ ಸಿಕ್ಕಿತು. ಅರ್ಧಕ್ಕೆ ಹೊಸ ಬಣ್ಣ ಬಳಿದಾಗಿತ್ತು.

“ವೇಷ ಚೆನ್ನಾಗೇ ಹಾಕಿದ್ದೆ. ಕೈಯ ಅಭ್ಯಾಸ ಬಿಡಲಿಲ್ಲ ನೋಡು,” ಎಂದರು ಮೇಡಂ. “ಇದೇ ಮನೆ ಯಾಕಯ್ಯಾ?”

ರಿಪೇರಿಯವನು ನೆಲ ನೋಡಿದ. “ಸಾಲ ಇರೋ ಮನೆಯವ್ರು ನಾಚಿಕೇಲಿ ಪೊಲೀಸ್ ಹತ್ರ ಹೋಗಲ್ಲ ಅಂದ್ಕೊಂಡೆ.”

ಮೇಡಂಗೆ ಕಳ್ಳತನಕ್ಕಿಂತ ಈ ಲೆಕ್ಕಾಚಾರವೇ ಹೆಚ್ಚು ಹೇಸಿಗೆ ಎನ್ನಿಸಿತು. ಮೆಷಿನ್ ಗುರುತಿಸಲು ಜೊತೆಗೆ ಬಂದಿದ್ದ ಅಕ್ಕ ಅವನನ್ನು ಬೈಯಲಿಲ್ಲ. ಫೋನ್ ತೆಗೆದು ತಮ್ಮನಿಗೆ ಕರೆ ಮಾಡಿದಳು. ಅವನು ಎತ್ತಲಿಲ್ಲ. ಮತ್ತೆ ಮಾಡಿದಳು. ನಾಲ್ಕನೆಯ ಸಲ ಎತ್ತಿದ.

“ಬ್ಯಾಂಕಿಗೆ ಇವತ್ತೇ ಫೋನ್ ಮಾಡಿ ಮಾತಾಡೋ,” ಎಂದಳು. “ನೀನು ಅಲ್ಲಿ ಬಚ್ಚಿಟ್ಕೊಂಡೆ, ನಾನು ಇಲ್ಲಿ ಬಾಯಿ ಮುಚ್ಕೊಂಡೆ. ಕಳ್ಳನಿಗೆ ಇನ್ನೇನು ಬೇಕು?”