ನೀರು ಕುಡಿಯದ ನೆಲ

"ಅಣ್ಣಾ, ಒಂದ್ ಒಗ್ಗರಣಿ, ಎರಡು ಮಿರ್ಚಿ... ಜಲ್ದಿ ಕೊಡ್ರಿ, ಹೊಲಕ್ಕ ಹೋಗಬೇಕು!"

ಸುಪ್ರಜಾಳ ಕೈಯಲ್ಲಿದ್ದ ಚಹಾ ಲೋಟ ತುಟಿಯ ಹತ್ತಿರವೇ ನಿಂತಿತು.

ಆ ದನಿ!

ಸಿರುಗುಪ್ಪದ ಬಸ್ ನಿಲ್ದಾಣದ ಎದುರಿಗಿನ ದುರುಗಪ್ಪನ ಹೋಟೆಲ್ಲಿನಲ್ಲಿ ಮಧ್ಯಾಹ್ನದ ಗದ್ದಲ ತುಂಬಿತ್ತು. ಆದರೆ ಎಂಟು ತಿಂಗಳು ದಿನಾ ಸಂಜೆ ಹೆಡ್‌ಫೋನ್ ಹಾಕಿಕೊಂಡು ಕೇಳಿದ ದನಿ ಸಾವಿರ ದನಿಗಳ ನಡುವೆಯೂ ಗುರುತು ಸಿಗದೇ ಇರುತ್ತದೆಯೇ?

ತಿರುಗಿ ನೋಡಿದಳು. ಎತ್ತರದ ಆಳು. ಮೊಣಕಾಲಿನ ತನಕ ಕೆಸರು ಮೆತ್ತಿದ ಪ್ಯಾಂಟು, ಕಂಕುಳಲ್ಲಿ ನೀರಿನ ಪಂಪಿನ ಯಾವುದೋ ಬಿಡಿಭಾಗ. ಈ ಮುಖವನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಹತ್ತೊಂಬತ್ತು ದಿನಗಳಿಂದ ಎದೆಯಲ್ಲಿ ಕುದಿಯುತ್ತಿದ್ದ ಸಿಟ್ಟು ಮಾತ್ರ ಅವನನ್ನು ತಕ್ಷಣ ಗುರುತು ಹಿಡಿಯಿತು!

ಎದ್ದವಳೇ ನೆಟ್ಟಗೆ ಅವನ ಮುಂದೆ ಹೋಗಿ ನಿಂತಳು.

"ನನ್ನ ಮನಿ ಯಾಕ ಮುಳುಗಿಸಿದ್ರಿ?"

ಅವನ ಕೈಯ ಮಿರ್ಚಿ ತಟ್ಟೆಗೆ ಬಿತ್ತು. "ಮಿಣುಕಿಯವ್ರು... ನೀವಾ?"

"ಮೊದಲು ಉತ್ತರ ಹೇಳ್ರಿ! ಎಂಟು ತಿಂಗಳು ಕಟ್ಟಿದ ಮನಿ! ಕಾಲುವಿ ನೀರು ಬಿಟ್ಟು ಮುಳುಗಿಸಿಬಿಟ್ರಲ್ಲ!"

ಹೋಟೆಲ್ಲಿಗೆ ಹೋಟೆಲ್ಲೇ ತೆಪ್ಪಗಾಯಿತು. ಸಿರುಗುಪ್ಪ ಸೀಮೆಯಲ್ಲಿ ಬೇರೆ ಯಾವ ಮಾತು ಬೇಕಾದರೂ ಗಾಳಿಗೆ ಹೋಗಬಹುದು, ಕಾಲುವೆ ನೀರು ಅಂದರೆ ಮಾತ್ರ ಎಲ್ಲರ ಕತ್ತೂ ತಿರುಗುತ್ತದೆ.

ಮೂಲೆಯ ಬೆಂಚಿನಿಂದ ರುಮಾಲಿನ ಹಿರಿಯ ಕೊಟ್ಟೂರಪ್ಪ ಎದ್ದು ಬಂದರು. "ಏ ತಮ್ಮಾ, ಹೆಣ್ಮಗಳ ಮನಿಗೆ ನೀರು ಬಿಟ್ಟೀಯೇನಲೇ? ಯಾವೂರವ ನೀನು?"

"ಹಚ್ಚೊಳ್ಳಿರೀ ಯಜ್ಜಾ. ಗವಿಸಿದ್ದೇಶ ಅಂತ. ಆದ್ರ ಅದು..."

"ಹಚ್ಚೊಳ್ಳಿಗೇ ನೀರು ನೆಟ್ಟಗ ಮುಟ್ಟಂಗಿಲ್ಲ, ಇನ್ನ ಈಕಿ ಮನಿ ಹೆಂಗ ಮುಳುಗ್ತು?"

"ತೂಬು ಒಡದಿರಬೇಕು ಬಿಡ್ರಿ!" ಅಂದ ದುರುಗಪ್ಪ, ಒಲೆಯ ಮುಂದಿನಿಂದಲೇ.

"ಗ್ವಾಡಿ ಬಿದ್ದಾವೇನವಾ ತಾಯಿ? ದನ-ಕರ?" ಕೊಟ್ಟೂರಪ್ಪ ಕಳಕಳಿಯಿಂದ ಕೇಳಿದರು.

ಸುಪ್ರಜಾಳ ಕಣ್ಣು ತುಂಬಿ ಬಂತು. "ದನ ಇಲ್ಲ ಅಜ್ಜಾ... ಒಂದು ರೆಕ್ಕಿ ಇದ್ದ ಕುದುರಿ ಇತ್ತು."

ದುರುಗಪ್ಪನ ಕೈಯ ತೂತಿನ ಸೌಟು ಎಣ್ಣೆಯಲ್ಲೇ ಉಳಿಯಿತು.

"ರೆಕ್ಕಿ... ಇದ್ದ... ಕುದುರಿ?"

"ಕಂಪ್ಯೂಟರ್ ಗೇಮಿನಾಗಿನ ಮನಿರೀ ಯಜ್ಜಾ," ಗವಿಸಿದ್ದೇಶ ತಲೆ ತಗ್ಗಿಸಿ ಹೇಳಿದ.

ಹೋಟೆಲ್ಲಿನ ತುಂಬ ನಗು ಎದ್ದಿತು. ಕೊಟ್ಟೂರಪ್ಪ ಮಾತ್ರ ನಗಲಿಲ್ಲ. ಅವಳ ಮುಖ ನೋಡಿ, ಉಳಿದವರಿಗೆ ಸುಮ್ಮನಿರಲು ಕೈಸನ್ನೆ ಮಾಡಿದರು. "ಮನಿ ಆಟದ್ದು ಇರಬಹುದು. ಈ ಕೂಸಿನ ಕಣ್ಣಾಗ ಬಂದಿದ್ದು ಆಟದ ನೀರಲ್ಲ. ಲೇ ತಮ್ಮಾ, ಕುಂತು ಬಗಿಹರಿಸ್ಕೊಂಡು ಏಳು. ದುರುಗಪ್ಪಾ, ಇಬ್ಬರಿಗೂ ಚಾ ಕೊಡು."

ನಾಚಿಕೆಯಿಂದ ಕಿವಿ ಬಿಸಿಯಾದರೂ ಸುಪ್ರಜಾ ಕುಳಿತಳು. ಕೇಳದೇ ಹೋದರೆ ಈ ಮುಳ್ಳು ಜನ್ಮವಿಡೀ ಚುಚ್ಚುತ್ತದೆ ಅಂತ ಅವಳಿಗೆ ಗೊತ್ತಿತ್ತು.

ಸುಪ್ರಜಾ ಕುರುಗೋಡಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಬಳ್ಳಾರಿಯ ಪಾರ್ವತಿನಗರದ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಇವತ್ತು ಶಿಕ್ಷಕರ ತರಬೇತಿ ಅಂತ ಸಿರುಗುಪ್ಪಕ್ಕೆ ಬಂದವಳು, ಅದು ಮುಗಿಸಿ ಬಳ್ಳಾರಿ ಬಸ್ಸಿಗೆ ಕಾಯುತ್ತಿದ್ದಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಎಡಗಣ್ಣಿನ ಪಕ್ಕ ಒಂದು ಬಿಳಿ ಮಚ್ಚೆ ಕಾಣಿಸಿಕೊಂಡು ಮೆಲ್ಲಗೆ ಕೆನ್ನೆಗಿಳಿದಿತ್ತು. ಇದು ಇನ್ನೊಬ್ಬರಿಗೆ ಹರಡುವಂಥದ್ದಲ್ಲ ಅಂತ ಡಾಕ್ಟರು ಹೇಳಿದ್ದರು. ಹರಡಿದ್ದು ಜನರ ಮಾತು! ಹೆಣ್ಣು ನೋಡಲು ಬಂದ ಮೂರು ಮನೆಯವರೂ ಅಮ್ಮ ತಿರುಮಲಮ್ಮ ಮಾಡಿದ ಕೇಸರಿಬಾತು ತಿಂದು, ಮಚ್ಚೆ ನೋಡಿ, ಆಮೇಲೆ ತಿಳಿಸುತ್ತೇವೆ ಅಂತ ಎದ್ದು ಹೋಗಿದ್ದರು. ಅವತ್ತಿನಿಂದ ಎಲ್ಲೇ ಕುಳಿತರೂ ಎಡಕೆನ್ನೆ ಗೋಡೆಯ ಕಡೆಗೆ ಮಾಡುವುದು, ಸೆರಗಿನಿಂದ ಮರೆಮಾಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ಆ ಗೇಮಿನ ಲೋಕದಲ್ಲಿ ಕೆನ್ನೆಯ ಚಿಂತೆಯೇ ಇರಲಿಲ್ಲ. ಹಿಮದ ಬೆಟ್ಟ, ಬೆಂಕಿಯುಗುಳುವ ಪ್ರಾಣಿ, ಮಾತಾಡುವ ಕಾಡು... ಎಷ್ಟು ದೂರ ನಡೆದರೂ ಅಡ್ಡಗೋಡೆಯಿಲ್ಲ. ಅಲ್ಲಿ ಅವಳ ಹೆಸರು ಮಿಣುಕಿ. ಒಂದು ಸಂಜೆ ಎರಡು ತಲೆಯ ಕರಡಿ ಬೆನ್ನಟ್ಟಿದಾಗ 'ಹಚ್ಚೊಳ್ಳಿ ಹುಲಿ' ಅಂತ ಹೆಸರಿಟ್ಟುಕೊಂಡಿದ್ದ ಶೂರನೊಬ್ಬ ಕಂಡ. ಎಲ್ಲಿ? ಮರದ ಮೇಲೆ!

"ಓಡಬ್ಯಾಡ್ರೀ, ಮ್ಯಾಲೆ ಬರ್ರಿ! ಇನ್ನೊಂದು ಟೊಂಗಿ ಖಾಲಿ ಐತಿ!"

ಅವತ್ತು ಅವಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು. ಎಷ್ಟೋ ವರ್ಷಗಳ ಮೇಲೆ ನಕ್ಕಿದ್ದಳು. ನಗಿಸುವವನ ಮೇಲೆ ಮನಸ್ಸು ಕೂರಲು ಎಷ್ಟು ಹೊತ್ತು ಬೇಕು? ಇಬ್ಬರೂ ಸೇರಿ ಬೆಟ್ಟದ ತಪ್ಪಲಿನ ತಗ್ಗಿನಲ್ಲಿ ನಾಲ್ಕು ಕೋಣೆಯ ಮನೆ ಕಟ್ಟಿದರು. ಅವಳು ತನ್ನ ನಿಜವಾದ ಹೆಸರು, ಊರು, ಕೆಲಸ ಎಲ್ಲ ಹೇಳಿದ್ದಳು. ಕೆನ್ನೆಯ ಸುದ್ದಿಯೊಂದನ್ನು ಮಾತ್ರ ಹೇಳಿರಲಿಲ್ಲ.

ಇಪ್ಪತ್ತು ದಿನಗಳ ಹಿಂದೆ ಅವನು ಮೆಲ್ಲಗೆ ಕೇಳಿದ್ದ, "ಒಮ್ಮೆ ಖುದ್ದು ಭೇಟಿ ಆಗೋಣೇನ್ರಿ?"

ಅವಳ ಕೈ ಎಡಕೆನ್ನೆಗೆ ಹೋಗಿತ್ತು. "ಆಟದ ಗೆಳೆತನ ಆಟದಾಗೇ ಇರ್ಲಿ," ಅಂದಿದ್ದಳು, ಬೇಕಾದದ್ದಕ್ಕಿಂತ ಒರಟಾಗಿ.

ಮರುದಿನ ಸಂಜೆ ಲ್ಯಾಪ್‌ಟಾಪ್ ತೆರೆದರೆ ಮನೆ ನೀರಿನಡಿ! ಬೆಟ್ಟದಿಂದ ಹೊಸದಾಗಿ ತೋಡಿದ ಕಾಲುವೆ ಅವಳ ಬಾಗಿಲಿಗೇ ಬಂದು ಸುರಿಯುತ್ತಿತ್ತು. 'ಬೇಡ ಅಂದದ್ದಕ್ಕೆ ಇದಾ?' ಅವತ್ತೇ ಅವನ ನಂಬರು ಬ್ಲಾಕ್ ಮಾಡಿ, ಗೇಮಿನ ಕಡೆ ತಿರುಗಿಯೂ ನೋಡಿರಲಿಲ್ಲ.

"ಸೇಡು ತೀರಿಸ್ಕೊಂಡ್ರಿ, ಅಲ್ಲ?" ಈಗ ಕೇಳಿಯೇಬಿಟ್ಟಳು.

"ಸೇಡಾ?!" ಅವನ ಕಣ್ಣುಗಳು ಅಗಲವಾದವು. "ಅಯ್ಯಯ್ಯೋ... ಹಂಗ ತಿಳ್ಕೊಂಡೀರಾ? ಕಿಟಕಿ ಮುಂದ ಭತ್ತದ ಗದ್ದಿ ಇರಬೇಕು ಅಂದಿದ್ರಲ್ಲ? ಅದಕ್ಕ ಬೆಟ್ಟದ ಕೆರಿಯಿಂದ ಕಾಲುವಿ ತೋಡಾಕತ್ತಿದ್ದೆ, ಒಂದ್ ತಿಂಗಳಿಂದ. ನಿಮಗ ಹೇಳದ ತೋರಿಸಬೇಕಂತ ಆಸೆ!"

"ಮತ್ತ ಮುಳುಗಿದ್ದು?"

ಅವನು ಕತ್ತು ಕೆರೆದುಕೊಂಡ. "ನಮ್ಮ ಹೊಲ ಕಾಲುವಿ ಕಡೀ ತುದಿಗೆ ಐತ್ರಿ. ನೀರು ಬಂತಂದ್ರ ತೂಬು ಪೂರಾ ಎತ್ತಿ, ಊಟಕ್ಕ ಹೋಗಾದು. ಬಿರುಕು ಬಿಟ್ಟ ಎರಿ ಹೊಲ ನೋಡ್ರಿ, ಎಷ್ಟ ಬಿಟ್ರೂ ಗಟಗಟ ಕುಡೀತೈತಿ. ಅಲ್ಲೂ ಹಂಗ ಎತ್ತಿಟ್ಟು ಊಟಕ್ಕ ಹೋದೆ... ಆ ಗೇಮಿನ ನೆಲ ಒಂದ್ ಹನಿನೂ ಕುಡಿಯಂಗಿಲ್ಲ ಅಂತ ನನಗೇನ್ ಗೊತ್ರೀ?!"

ಸುಪ್ರಜಾ ಬಾಯಿ ತೆರೆದಳು. ಬಂದದ್ದು ನಗು! ತಡೆಯಲು ನೋಡಿದಳು, ಆಗಲಿಲ್ಲ. ಹತ್ತೊಂಬತ್ತು ದಿನಗಳಿಂದ ಎದೆಯ ಮೇಲೆ ಕುಳಿತಿದ್ದ ಕಲ್ಲು ಇಳಿದು ಹೋಯಿತು. ಅವನು ಕೆಟ್ಟವನಲ್ಲ. ತಾನು ಮೋಸ ಹೋಗಿಲ್ಲ... ದೇವರೇ, ತಾನು ಮೋಸ ಹೋಗಿಲ್ಲ!

"ಹೋಗ್ಲಿ ಬಿಡ್ರಿ," ಕಣ್ಣೊರೆಸಿಕೊಂಡಳು. "ಮನಿ ಅಂತೂ ಹೋತು."

"ಹೋಗಿಲ್ರಿ!"

ಅವನು ಅವಸರದಿಂದ ಫೋನ್ ತೆಗೆದು ಒಂದೊಂದೇ ಚಿತ್ರ ತೋರಿಸಿದ. ನಡುಮನೆ ಒಣಗಿತ್ತು. ಪಡಸಾಲೆ ಒಣಗಿತ್ತು. ಅವಳ ಓದುವ ಕೋಣೆಯೂ ಒಣಗಿತ್ತು. ಕಿಟಕಿಯ ಆಚೆ ಭತ್ತ ಹಸಿರಾಗಿ ನಿಂತಿತ್ತು.

"ಬಕೀಟಿಲೆ ತೋಡಿ ಹಾಕಾಕತ್ತೀನಿ. ಒಂದ್ ಸಲಕ್ಕ ಒಂದ ಬಕೀಟು. ದಿಬ್ಬ ಹತ್ತಿ ಚೆಲ್ಲಿ ಬರಬೇಕು, ಇಲ್ಲಂದ್ರ ತಿರುಗಿ ಒಳಗ ಬರ್ತೈತಿ. ಅಡಿಗಿಮನಿ ಒಂದ ಉಳದೈತಿ. ಕುದುರಿ ಮಾಳಿಗಿ ಮ್ಯಾಲೆ ಐತಿ, ದಿನಾ ಹುಲ್ಲು ಹಾಕ್ತೀನಿ."

"ಹತ್ತೊಂಬತ್ತು ದಿನ? ನಾನು ತಿರುಗಿ ಬರೋದಿಲ್ಲ ಅಂತ ಅನ್ನಿಸಲಿಲ್ಲೇನು?"

"ಅನ್ನಿಸ್ತಿತ್ರಿ. ಆದ್ರ ನೀವು ಬರ್ರಿ, ಬಿಡ್ರಿ, ಮನಿ ನಿಮ್ದ ಅಲ್ರೀ?"

ಸುಪ್ರಜಾ ಫೋನಿನಿಂದ ತಲೆಯೆತ್ತಿದಳು. ಆಗಲೇ ಅವಳಿಗೆ ಅರಿವಾದದ್ದು...

ಗೋಡೆಯ ಪಕ್ಕದ ಜಾಗ ಬಿಟ್ಟು ಬಂದಿದ್ದಳು. ಸೆರಗು ಯಾವಾಗಲೋ ಜಾರಿತ್ತು. ಎಡಕೆನ್ನೆ ಪೂರ್ತಿ ಅವನ ಕಣ್ಣ ಮುಂದಿತ್ತು!

ಕೈ ತಾನಾಗಿ ಸೆರಗಿಗೆ ಹೋಯಿತು. ನಡುದಾರಿಯಲ್ಲಿ ಅವಳೇ ಅದನ್ನು ತಡೆದಳು. ಇಷ್ಟು ನಿಜ ಹೇಳಿದವನ ಮುಂದೆ ತಾನು ಮುಚ್ಚಿಡುವುದೇ?

"ಭೇಟಿ ಬ್ಯಾಡ ಅಂದಿದ್ದು ಇದಕ್ಕ," ಕೆನ್ನೆ ಮುಟ್ಟಿ ತೋರಿಸಿದಳು. "ನೀವು ಬ್ಯಾಡಾಗಿ ಅಲ್ಲ. ಇದನ್ನ ನೋಡಿದವರೆಲ್ಲ ಮರುಕ್ಷಣಕ್ಕ ಬ್ಯಾರೆ ಥರಾ ಮಾತಾಡ್ತಾರ. ನಿಮ್ಮ ಮಾತೂ ಹಂಗಾದ್ರ... ನನಗ ತಡಕೊಳ್ಳಿಕ್ಕೆ ಆಗ್ತಿರಲಿಲ್ಲ."

ಅವನು ಕಣ್ಣು ತಪ್ಪಿಸಲಿಲ್ಲ. ಅಯ್ಯೋ ಅನ್ನಲಿಲ್ಲ. ಚಹಾದ ಲೋಟ ಪಕ್ಕಕ್ಕಿಟ್ಟ.

"ನೋಡಿ ಅರ್ಧ ತಾಸಾತು ಸುಪ್ರಜಾ ಅವ್ರೇ. ನನ್ನ ಮಾತು ಬ್ಯಾರೆ ಆಗೇತೇನ್ರಿ?"

ಅವಳು ಅರ್ಧ ತಾಸಿನ ಒಂದೊಂದು ಮಾತನ್ನೂ ನೆನೆದಳು. ತೂಬು, ಎರೆ ಹೊಲ, ಬಕೀಟು, ಕುದುರೆಯ ಹುಲ್ಲು... ಎಲ್ಲಿಯೂ ಕನಿಕರವಿರಲಿಲ್ಲ, ಅಳುಕಿರಲಿಲ್ಲ.

"ಇಲ್ಲ," ಅಂದಳು. ಕಣ್ಣೀರು ಕೆನ್ನೆಗಿಳಿಯಿತು, ಒರೆಸಿಕೊಳ್ಳಲಿಲ್ಲ. "ಇಲ್ಲರಿ... ಏನೂ ಆಗಿಲ್ಲ."

"ನೀವಂದ್ರ ನನಗ ಜೀವ ಐತ್ರಿ. ಆಟದಾಗ ಅಷ್ಟ ಅಲ್ಲ."

"ನನಗೂ," ಅಂದಳು ಸುಪ್ರಜಾ. ಅಷ್ಟು ಸಣ್ಣ ಮಾತು ಹೇಳಲು ಎಂಟು ತಿಂಗಳು ಹಿಡಿದಿತ್ತು.

ಹೊರಗೆ ಬಸ್ಸು ಹಾರನ್ ಹೊಡೆಯಿತು. "ಬಳ್ಳಾರಿ, ಬಳ್ಳಾರಿ!" ಅಂತ ಕಂಡಕ್ಟರ್ ಕೂಗುತ್ತಿದ್ದ.

"ನಿಮ್ಮ ಬಸ್ ಬಂತ್ರಿ! ಜಲ್ದಿ ಏಳ್ರಿ, ತಪ್ಪಿ ಹೋಗ್ತೈತಿ!" ಅವನು ತಾನೇ ಎದ್ದು ನಿಂತ.

"ಹೋಗ್ಲಿ," ಅಂದಳು ಅವಳು, ಎಡಕೆನ್ನೆಯ ಮೇಲೆ ಬಿದ್ದಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸುತ್ತ. "ನೀವು ಕೂಡ್ರಿ."