ಹರಿದ ಸೀಟಿನ ಯಂತ್ರ

ಇನ್‌ಸ್ಪೆಕ್ಟರ್ ಶರಣಪ್ಪ ಮಂಡಿಯೂರಿ, ಜಜ್ಜಿಹೋಗಿದ್ದ ಕೊನೆಯ ನಿಂಬೆಹಣ್ಣನ್ನು ಎತ್ತಿ ಕವರಿಗೆ ಹಾಕಿದ.

"ಬರ್ಕೊಳ್ಳಿ. ಹಿಂದಿನ ಬಲಗಡೆ ಚಕ್ರ ಇದ್ದ ಜಾಗ."

ಹೆಡ್ ಕಾನ್‌ಸ್ಟೆಬಲ್ ಸಂಜೀವಪ್ಪ ಬರೆದುಕೊಂಡ. "ಕದಿಯೋಕ್ ಮುಂಚೆ ಪೂಜೆ ಮಾಡೋ ಕಳ್ಳನ್ನ ನಾನಂತೂ ನೋಡಿಲ್ಲ ಸಾರ್. ಪ್ರಸಾದ ಒಂದು ಹಂಚಿಲ್ಲ ಅಷ್ಟೆ." ಹಿಂದಕ್ಕೆ ಸರಿಯುವಾಗ ಅವನ ಕಾಲಿಗೆ ಕುಯ್ದ ಹುಲ್ಲಿನ ಸಣ್ಣ ಕಟ್ಟೊಂದು ತೊಡರಿತು. ಗಾಳಿಗೆ ಹಾರದಂತೆ ಹುಲ್ಲಿನದೇ ಹುರಿ ಸುತ್ತಿದ ಕಟ್ಟು. ಅಂಥವು ಬೇಲಿಯುದ್ದಕ್ಕೂ ಇದ್ದವು.

ದಿನಾಂಕ 18-8-2004, ಬುಧವಾರ. ಕುಕ್ ಟೌನ್‌ನ ಕ್ರಿಕೆಟ್ ಕ್ಲಬ್ಬೊಂದರ ಕಾರ್ಯದರ್ಶಿ ಕೇದಾರ್ ಬೆಳಿಗ್ಗೆಯೇ ಠಾಣೆಗೆ ಬಂದು ದೂರು ಕೊಟ್ಟಿದ್ದ. ಕಲಂ 379ರಡಿ ಎಫ್‌ಐಆರ್ ಆಗಿತ್ತು. ಕ್ಲಬ್ಬು ಶಿವಾಜಿನಗರದ ಅಹ್ಮದ್ ಪಾಷಾನಿಂದ ಹುಲ್ಲು ಕತ್ತರಿಸುವ ಎರಡು ಹಳೆಯ ಯಂತ್ರಗಳನ್ನು ತರಿಸಿ, ಒಂದು ವಾರ ಓಡಿಸಿ ನೋಡಿತ್ತು. ಒಂದನ್ನು ಕೊಳ್ಳುವುದು, ಇನ್ನೊಂದನ್ನು ವಾಪಸ್ ಕಳಿಸುವುದು ಎಂದು ಮಾತಾಗಿತ್ತು. ಮಂಗಳವಾರ ಸಂಜೆ ಸಮಿತಿಯವರು ಹೊಸ ಬಣ್ಣ ಬಳಿದದ್ದನ್ನು ಆರಿಸಿದ್ದರು. ಬೆಳಗಾಗುವಷ್ಟರಲ್ಲಿ ಕಾಣೆಯಾದದ್ದು ಇನ್ನೊಂದು, ಬಣ್ಣ ಹೋಗಿ ಸೀಟು ಹರಿದಿದ್ದದ್ದು.

"ಪಕ್ಕದಲ್ಲೇ ಇದ್ದ ಒಳ್ಳೇದನ್ನ ಬಿಟ್ಟು ಅದನ್ಯಾಕೆ ಒಯ್ದ?" ಎಂದ ಶರಣಪ್ಪ.

"ಅದೇ ಅರ್ಥ ಆಗ್ತಿಲ್ಲ ಸಾರ್," ಎಂದ ಕೇದಾರ್. "ಅದು ರಿಜೆಕ್ಟ್ ಪೀಸ್."

ಶರಣಪ್ಪ ವಾಚ್‌ಮನ್ ಕಡೆ ತಿರುಗಿದ. "ಬೆಳಿಗ್ಗೆ ಯಾರು ಒಳಗೆ ಬಂದ್ರು?"

"ಯಾರೂ ಇಲ್ಲ ಸಾರ್. ಹುಲ್ಲು ಕುಯ್ಯೋ ಹೆಂಗಸರು ಬಿಟ್ರೆ. ಗೇಟು ತೆಗೆದು ನಾನು ಹಾಲು ತರೋಕ್ ಹೋದೆ."

ಅಷ್ಟರಲ್ಲಿ ಅಹ್ಮದ್ ಪಾಷಾ ಆಟೋದಲ್ಲಿ ಬಂದಿಳಿದ. ವಿಷಯ ಕೇಳಿ ತಲೆದೂಗಿದ. "ಕಳ್ಳ ಭಾರೀ ಹುಷಾರ್ ಸಾಬ್. ಅಸಲೀ ಮಾಲು ಅದೇ."

"ಏನು?" ಎಂದ ಕೇದಾರ್.

"ಇದಕ್ಕೆ ಬಣ್ಣ ಹೊಡ್ಸಿದ್ದು ನಾನೇ. ತಣ್ಣಗಿದ್ದಾಗ ಎಲ್ಲಾ ಗಾಡೀನೂ ಚೆನ್ನಾಗೇ ಓಡ್ತದೆ. ಚೆನ್ನಾಗಿ ಕಾಯಿಸ್ಬಿಟ್ಟು ದಿಬ್ಬ ಹತ್ತಿಸಿ ನೋಡ್ಬೇಕು. ಚಕ್ರ ತಿರುಗ್ಸೋ ಪಂಪು ಸೋತಿದ್ರೆ ಒಂದು ಕಡೆಗೆ ಎಳೀತದೆ. ಇದು ಎಳೀತದೆ, ಅದು ಎಳಿಯಲ್ಲ."

"ಮೊದಲೇ ಹೇಳೋಕೇನಾಗಿತ್ರೀ?"

"ನೀವು ಕೇಳ್ಲಿಲ್ಲ ಸಾಬ್. ಬಣ್ಣ ನೋಡಿದ್ರಿ, ಖುಷಿ ಆದ್ರಿ."

ಹಾಗಾದರೆ ಕಳ್ಳನಿಗೆ ಯಂತ್ರದ ಒಳಗುಟ್ಟು ಗೊತ್ತಿರಬೇಕು. ಒಂದು ವಾರ ಎರಡನ್ನೂ ಓಡಿಸಿದ್ದವನು ವಿಮಾನಪುರದ ಪ್ರೇಮ್‌ಕುಮಾರ್, ಕಾರ್ಖಾನೆಯಿಂದ ನಿವೃತ್ತನಾದ ಮೆಕ್ಯಾನಿಕ್. ಅವನನ್ನು ಕರೆಸಿದರು.

"ಬೆಳಿಗ್ಗೆ ಎಲ್ಲಿದ್ರಿ?"

"ಮನೇಲಿ."

"ಸಾಕ್ಷಿ?"

"ಹೆಂಡ್ತಿ."

"ಹೆಂಡ್ತಿ ಮಾತು ಇಲ್ಲಿ ನಡೆಯಲ್ಲ."

"ನಮ್ಮನೇಲಿ ನಡೆಯೋದು ಅದೊಂದೇ ಸಾರ್."

ಉಳಿದಿದ್ದ ಯಂತ್ರವನ್ನು ಓಡಿಸಿ ತೋರಿಸಲು ಶರಣಪ್ಪ ಹೇಳಿದ. ಅದಕ್ಕೆ ಸ್ಟಿಯರಿಂಗ್ ಇರಲಿಲ್ಲ, ಎರಡು ಲಿವರ್‌ಗಳಿದ್ದವು. ಪ್ರೇಮ್‌ಕುಮಾರ್ ಒಂದನ್ನು ಮುಂದಕ್ಕೆ ತಳ್ಳಿ ಇನ್ನೊಂದನ್ನು ಹಿಂದಕ್ಕೆ ಎಳೆದ. ಆನೆಮರಿಯಷ್ಟಿದ್ದ ಆ ಕಬ್ಬಿಣ ಮುಂದೆ ಹೋಗಲಿಲ್ಲ, ಹಿಂದೆ ಬರಲಿಲ್ಲ. ನಿಂತಲ್ಲೇ ಬುಗುರಿಯಂತೆ ಸುತ್ತಿತು. ಶರಣಪ್ಪನ ಕೈ ತಾನಾಗಿ ಟೋಪಿಗೆ ಹೋಯಿತು.

"ಇನ್ನೊಂದ್ಸಲ," ಎಂದ. ತನಿಖೆಗೆ ಅದು ಬೇಕಿರಲಿಲ್ಲ.

"ಇದನ್ನ ಓಡಿಸೋಕೆ ಯಾರ್ಯಾರಿಗೆ ಬರುತ್ತೆ?"

"ಈ ಕಡೆ ನನಗೊಬ್ಬನಿಗೇ," ಎಂದು ಹೆಮ್ಮೆಯಿಂದ ಹೇಳಿದ ಪ್ರೇಮ್‌ಕುಮಾರ್, ಹೇಳಿದ್ದೇನೆಂದು ಹೊಳೆದು ಬೆವರಿದ. ಸಂಜೀವಪ್ಪ ಅವನನ್ನು ಜೀಪಿಗೆ ಹತ್ತಿಸಿದ.

ಗೇಟಿನಾಚೆ ರಸ್ತೆಯ ಮೇಲೆ ಯಂತ್ರದ ಹೊಟ್ಟೆಯಿಂದ ಉದುರಿದ ಹುಲ್ಲಿನ ಹೆಂಟೆಗಳು ಬಿದ್ದಿದ್ದವು. ಜೀಪು ಅವನ್ನೇ ಹಿಡಿದು ಹೋಯಿತು. ತಿರುವಿನಲ್ಲಿ ಹೂ ಮಾರುವ ಆಂಜನಮ್ಮ ಸಿಕ್ಕಳು.

"ಕುರ್ಚಿ ಓಡ್ತಿತ್ತು ಸ್ವಾಮಿ."

"ಕುರ್ಚೀನಾ?"

"ಹ್ಞೂಂ. ಗುಡುಗುಡು ಅಂತ. ಮೇಲೆ ಒಂದು ಕಂಬಳಿ ಕೂತಿತ್ತು."

"ಕಂಬಳಿ ಒಳಗೆ?"

"ನಾನ್ಯಾಕೆ ನೋಡ್ಲಿ? ಕೈ ಮುಗಿದುಬಿಟ್ಟೆ."

ಹೆಂಟೆಗಳು ರೈಲು ಹಳಿ ದಾಟಿ, ಖಾಲಿ ಬಯಲೊಂದರ ಅಂಚಿನಲ್ಲಿ ನಿಂತವು. ಮೂವರೂ ಹಳಿಯ ದಿಬ್ಬ ಹತ್ತಿದರು.

ಮೊಣಕಾಲೆತ್ತರದ ಹುಲ್ಲು ಬೆಳೆದಿದ್ದ ಬಯಲು ಪೂರ್ತಿ ಬೋಳಾಗಿತ್ತು. ಅವರ ಕಾಲ ಬುಡದಲ್ಲಿ ಗೆರೆಗಳು ಸೊಟ್ಟಸೊಟ್ಟಾಗಿ, ಒಂದರ ಮೇಲೊಂದು ಬಿದ್ದು ಗೋಜಲಾಗಿದ್ದವು. ಮುಂದೆ ಮುಂದೆ ಗೋಜಲು ಬಿಡಿಸಿಕೊಂಡಿತ್ತು. ಗೆರೆಗಳು ಅಲೆಗಳಾಗಿ, ಅಲೆಗಳು ಸೋತು ಸಪಾಟಾಗಿ, ಆಚೆ ತುದಿಯ ಬೇವಿನ ಮರದ ಹತ್ತಿರ ಎಳೆದು ಕಟ್ಟಿದ ದಾರದಷ್ಟು ನೆಟ್ಟಗಿದ್ದವು. ಒಂದು ತಿಳಿಹಸಿರು, ಒಂದು ಕಡುಹಸಿರು. ಯಾರೋ ಕಲಿತದ್ದು ಮೊದಲಿನಿಂದ ಕೊನೆಯವರೆಗೆ ನೆಲದ ಮೇಲೆಯೇ ಉಳಿದಿತ್ತು. ಹಾದುಹೋದ ರೈಲಿನ ಕಿಟಕಿಗಳಲ್ಲಿ ಜನ ಸರಳುಗಳಿಗೆ ಮುಖ ಒತ್ತಿ ನೋಡಿದರು.

"ನಾನಲ್ಲ," ಎಂದ ಪ್ರೇಮ್‌ಕುಮಾರ್ ಮೆಲ್ಲಗೆ. "ನಾನು ಶುರುನಲ್ಲಿ ಇಷ್ಟು ಸೊಟ್ಟ ಹೋಗಲ್ಲ. ಕೊನೇಲಿ ಇಷ್ಟು ನೆಟ್ಟಗೂ ಹೋಗಲ್ಲ."

ಸಂಜೀವಪ್ಪ ಕೆಳಗಿಳಿದು ಸೊಟ್ಟ ಗೆರೆಗಳ ನಡುವೆ ಕುಕ್ಕರಗಾಲಲ್ಲಿ ಕೂತ. ಯಂತ್ರ ಬಿಟ್ಟುಹೋದ ಎಡೆಗಳ ಹುಲ್ಲನ್ನು ಯಾರೋ ಕುಡುಗೋಲಿನಲ್ಲಿ ಕುಯ್ದು ಸಣ್ಣ ಕಟ್ಟುಗಳನ್ನಾಗಿ ಮಾಡಿದ್ದರು. ಪ್ರತಿ ಕಟ್ಟಿಗೂ ಹುಲ್ಲಿನ ಹುರಿ.

"ಸಾರ್, ಬೆಳಿಗ್ಗೆ ಕ್ಲಬ್ಬಲ್ಲಿ ನನ್ನ ಕಾಲಿಗೆ ಸಿಕ್ಕಿದ್ದು ಇದೇ. ಕಳ್ಳ ಇಳಿದು ಹಿಂದೆ ಗುಡಿಸ್ಕೊಂಡು ಹೋಗಲ್ಲ. ಹುಲ್ಲಿನವರು ಹೋಗ್ತಾರೆ."

ಬೇವಿನ ಮರದ ಕೆಳಗೆ ಯಂತ್ರವಿತ್ತು. ಒರೆಸಿ, ಕುಂಕುಮ ಇಟ್ಟಿತ್ತು. ಅದರ ಮೇಲೆ ಕ್ಲಬ್ಬಿನ ಹುಲ್ಲು ಕುಯ್ಯುವ ಪಿಳ್ಳಮ್ಮ ಕಂಬಳಿ ಹೊದ್ದು ನೆಟ್ಟಗೆ ಕೂತಿದ್ದಳು. ಓಡಲಿಲ್ಲ.

"ಇಳಿಯಮ್ಮ."

"ಒಂದ್ನಿಮಿಷ ಸ್ವಾಮಿ." ಬಯಲನ್ನು ಇನ್ನೊಮ್ಮೆ ನೋಡಿ ಇಳಿದಳು.

ಪಂಚನಾಮೆ ಮುಗಿದು, ಮಹಿಳಾ ಪೇದೆ ಬಂದ ಮೇಲೆ ದಸ್ತಗಿರಿ ಮಾಡಿದರು. ಠಾಣೆಯಲ್ಲಿ ಶರಣಪ್ಪನೇ ಹೇಳಿಕೆ ಬರೆದುಕೊಂಡ.

"ಮಾರೋಕ್ ತಗೊಂಡ್ಹೋದ್ಯಾ?"

"ಯಾರಿಗೆ ಮಾರ್ಲಿ? ಸಂಜೆ ತಂದಿಡ್ತಿದ್ದೆ."

"ಓಡ್ಸೋಕೆ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ವಾರ ಪೂರ್ತಿ ಅದ್ರ ಹಿಂದೆ ಹುಲ್ಲು ಬಾಚ್ತಿದ್ದೆ. ಕೈ ಹೆಂಗಾಡುತ್ತೆ ಅಂತ ನೋಡ್ತಿದ್ದೆ."

"ಇದೇ ಒಳ್ಳೇ ಯಂತ್ರ ಅಂತ ಹೆಂಗೆ ಗೊತ್ತಾಯ್ತು?"

ಪಿಳ್ಳಮ್ಮ ಬೆಪ್ಪಾದಳು. "ಇದು ಒಳ್ಳೇದಾ? ಹೊಸಾದ್ರ ಮೇಲೆ ಕೂತ್ಕೊಳ್ಳೋಕೆ ನಾಚ್ಕೆ ಆಯ್ತು ಸ್ವಾಮಿ. ಇದ್ರ ಸೀಟು ಹರಿದಿತ್ತು. ನಾನು ಕೂತ್ರೆ ಏನಾಗುತ್ತೆ ಅಂತ."

ಶರಣಪ್ಪನ ಪೆನ್ನು ನಿಂತಿತು. "ಆದ್ರೂ ಯಾಕಮ್ಮಾ?"

"ಮದುವೆ ಆಗಿ ಬಂದಾಗಿಂದ ಕುಕ್ಕರಗಾಲಲ್ಲೇ ಕುಯ್ದಿದೀನಿ. ಮೂಗಿನ ಮುಂದಿನ ಹುಲ್ಲು ಅಷ್ಟೇ ಗೊತ್ತು. ಮೇಲಿಂದ ಅದು ಹೆಂಗಿರುತ್ತೆ ಅಂತ ನೋಡೇ ಇರ್ಲಿಲ್ಲ." ತಲೆಯೆತ್ತಿ ಕೇಳಿದಳು. "ಸಮುದ್ರ ಹಿಂಗೇ ಇರುತ್ತಾ ಸ್ವಾಮಿ?"

ಆ ಪ್ರಶ್ನೆಯನ್ನು ಶರಣಪ್ಪ ಹೇಳಿಕೆಯಲ್ಲಿ ಹಾಗೆಯೇ ಬರೆದ.

ಸಂಜೆ ಕೇದಾರ್ ಬಂದ. ಯಂತ್ರಕ್ಕೆ ಒಂದು ಗೀರೂ ಆಗಿಲ್ಲವೆಂದು ಕಂಡು ಅವನು ಮೆತ್ತಗಾಗಿದ್ದ.

"ನೋಡು ಪಿಳ್ಳಮ್ಮ, ರಾಜಿ ಆಗೋಣ, ಪಾಷಾನೂ ಒಪ್ಪಿದಾನೆ. ಯಂತ್ರ ಬಂತು ಅಂತ ಬೇರೆಯವರನ್ನೆಲ್ಲ ಬಿಡಿಸ್ತಿದೀವಿ. ನಿನ್ನೊಬ್ಬಳನ್ನ ಇಟ್ಕೋತೀವಿ. ಅದು ಬಿಟ್ಟ ಅಂಚಿನ ಹುಲ್ಲು ಕುಯ್ಕೊಂಡಿರು."

"ಒಪ್ಕೊಳಮ್ಮ," ಎಂದ ಶರಣಪ್ಪ. "ಇಲ್ದಿದ್ರೆ ನಾಳೆ ಕೋರ್ಟು, ಆಮೇಲೆ ಜೈಲು."

ಪಿಳ್ಳಮ್ಮ ಕೇದಾರ್‌ನನ್ನು ನೋಡಿದಳು. "ಯಂತ್ರ ಯಾರು ಓಡ್ಸೋದು?"

"ಅದಕ್ಕೆ ಪ್ರೇಮ್‌ಕುಮಾರ್ ಇದಾರಲ್ಲ."

"ನಾನು ಕೆಳಗೆ ಕೂತ್ಕೋಬೇಕಾ?"

"ಮತ್ತಿನ್ನೆಲ್ಲಿ?"

"ಕೂತ್ಕೊಳ್ಳಲ್ಲ," ಎಂದಳು ಪಿಳ್ಳಮ್ಮ.